ಕಾಸು ಕೂಡಿಸಿ ಬಾಳು ಕಟ್ಟಿದವರು: ಅಮೆರಿಕದ ಕಪ್ಪು ಜನರ ಪರಸ್ಪರ ಸಹಾಯದ ಚರಿತ್ರೆ

ಕ್ರಿ.ಶ. 1787ನೆಯ ವರ್ಷವು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಚರಿತ್ರೆಯಲ್ಲಿ ರಾಜ್ಯಾಂಗ ರಚನೆಯ ವರ್ಷವೆಂದು ಪ್ರಸಿದ್ಧವಾಗಿದೆ. ಆ ವರ್ಷದ ಬೇಸಗೆಯಲ್ಲಿ ಫಿಲಡೆಲ್ಫಿಯ ನಗರದಲ್ಲಿ ನೆರೆದ ಮುಖಂಡರು ಸ್ವಾತಂತ್ರ್ಯದ ತತ್ತ್ವವನ್ನು ಕುರಿತು ತಿಂಗಳುಗಟ್ಟಲೆ ಚರ್ಚಿಸಿದರು. ಗುಲಾಮರನ್ನು ಜನಗಣತಿಯಲ್ಲಿ ಐದರಲ್ಲಿ ಮೂರು ಪಾಲಿನಷ್ಟು ಮಾತ್ರ ಎಣಿಸತಕ್ಕದ್ದೆಂದೂ ಅದೇ ಕಾಗದದಲ್ಲಿ ಬರೆದಿಟ್ಟರು. ಇದು ಶಾಲಾ ಪುಸ್ತಕಗಳಲ್ಲಿ ಬರುವ ಸಂಗತಿ. ಆ ಸಭೆ ಸೇರುವುದಕ್ಕೆ ಆರು ವಾರಗಳ ಮುಂಚೆ, ಏಪ್ರಿಲ್ 12ರಂದು, ಅದೇ ನಗರದಲ್ಲಿ ಇನ್ನೊಂದು ಚಿಕ್ಕ ಸಭೆ ಸೇರಿತ್ತು. ಅದರಲ್ಲಿ ಕುಳಿತವರು ಕೆಲವೇ ಮಂದಿ, ಎಲ್ಲರೂ ಕಪ್ಪು ಜನರು. ಅವರು ಕಟ್ಟಿದ್ದು ರಾಷ್ಟ್ರವನ್ನಲ್ಲ, ಒಂದು ಸಂಘವನ್ನು. ಸ್ವತಂತ್ರ ಆಫ್ರಿಕನ್ ಸಂಘವೆಂಬುದು ಅದರ ಹೆಸರು.

ಆ ಸಂಘದ ಮುಖ್ಯ ಸ್ಥಾಪಕರು ಇಬ್ಬರು, ರಿಚರ್ಡ್ ಅಲೆನ್ ಮತ್ತು ಆಬ್ಸಲಮ್ ಜೋನ್ಸ್. ಇಬ್ಬರೂ ಗುಲಾಮರಾಗಿ ಹುಟ್ಟಿದವರು. ಇಬ್ಬರೂ ತಮ್ಮ ಬಿಡುಗಡೆಯನ್ನು ದುಡಿದು ಪಡೆದವರು. ಅಲೆನ್ ಕಟ್ಟಿಗೆ ಕಡಿದು, ಇಟ್ಟಿಗೆಯ ಭಟ್ಟಿಯಲ್ಲಿ ಕೂಲಿ ಮಾಡಿ, ಉಪ್ಪಿನ ಬಂಡಿ ಹೊಡೆದು ಒಡೆಯನಿಗೆ ತನ್ನ ಬೆಲೆಯನ್ನು ತೆತ್ತನು. ಜೋನ್ಸನು ಮೊದಲು ತನ್ನ ಹೆಂಡತಿಯ ಬಿಡುಗಡೆಗಾಗಿ ಹಣ ಕೂಡಿಸಿದನು. ಏಕೆಂದರೆ ಅಂದಿನ ಕಾನೂನಿನಂತೆ ಮಕ್ಕಳು ತಾಯಿಯ ಸ್ಥಿತಿಯನ್ನು ಪಡೆಯುತ್ತಿದ್ದರು. ತಾಯಿ ಸ್ವತಂತ್ರಳಾದರೆ ಮುಂದೆ ಹುಟ್ಟುವ ಮಕ್ಕಳೂ ಸ್ವತಂತ್ರರು. ತನ್ನ ಬಿಡುಗಡೆಗೆ ಆತನು 1784ರವರೆಗೆ ಕಾದನು. ತನ್ನ ಸಂಕಲೆಗಿಂತ ಮೊದಲು ಹುಟ್ಟದ ಮಕ್ಕಳ ಸಂಕಲೆಯನ್ನು ಕಳಚಬೇಕೆಂದು ಲೆಕ್ಕ ಹಾಕಿದ ಆ ಮನುಷ್ಯನ ವಿವೇಕವೇ ಮುಂದೆ ಸಂಘದ ನಿಯಮಗಳಲ್ಲಿಯೂ ಕಾಣುತ್ತದೆ.

ಆ ನಿಯಮಗಳು ಬಹಳ ಸರಳ. ಪ್ರತಿಯೊಬ್ಬ ಸದಸ್ಯನು ತಿಂಗಳಿಗೆ ಒಂದು ಬೆಳ್ಳಿಯ ಷಿಲ್ಲಿಂಗನ್ನು ಕೊಡತಕ್ಕದ್ದು. ಒಂದು ವರ್ಷ ಹೀಗೆ ಕೊಟ್ಟ ಮೇಲೆ ಆತನಿಗೆ ರೋಗವೋ ನಿರ್ಗತಿಯೋ ಬಂದರೆ ವಾರಕ್ಕೆ ಮೂರು ಷಿಲ್ಲಿಂಗ್ ಒಂಬತ್ತು ಪೆನ್ಸ್ ಸಂಘದಿಂದ ಸಲ್ಲತಕ್ಕದ್ದು; ಆದರೆ ಆ ಕಷ್ಟ ಆತನ ಸ್ವಂತ ದುರ್ನಡತೆಯಿಂದ ಬಂದಿರಕೂಡದು. ಕುಡುಕರಿಗೆ ಪ್ರವೇಶವಿಲ್ಲ. ಸದಸ್ಯನು ಗತಿಸಿದರೆ ವಿಧವೆಗೆ ನೆರವು, ಮಕ್ಕಳ ವಿದ್ಯೆಗೆ ಏರ್ಪಾಡು. ಇಲ್ಲಿ ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ರೋಗಿಯು ಪಡೆಯುತ್ತಿದ್ದ ಆ ಹಣ ದಾನವಲ್ಲ, ಭಿಕ್ಷೆಯಂತೂ ಅಲ್ಲವೇ ಅಲ್ಲ. ಆತನು ತಾನೇ ಕಾಯಕದಿಂದ ಗಳಿಸಿ ನಿಕ್ಷೇಪಿಸಿದುದರ ಹಕ್ಕು. ಕೊಟ್ಟವನು ದೊಡ್ಡವನಲ್ಲ, ಪಡೆದವನು ಚಿಕ್ಕವನಲ್ಲ. ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಬಲ್ಲ ನಮ್ಮ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮಾನವಂತನ ಕೈ ಚಾಚಿದಾಗ ಅದು ಬಾಗದಂತೆ ನೋಡಿಕೊಳ್ಳುವ ವ್ಯವಸ್ಥೆಯನ್ನು ಕಂಡುಹಿಡಿಯುವುದು ಸುಲಭವಲ್ಲ. ನಿನ್ನೆಮೊನ್ನೆಯವರೆಗೆ ಗುಲಾಮರಾಗಿದ್ದವರು ಅದನ್ನು ಕಂಡುಹಿಡಿದರು.

ಅವರು ಪೂಜೆಗೆ ಹೋಗುತ್ತಿದ್ದ ದೇವಾಲಯದಲ್ಲಿಯೇ ಅವರಿಗೆ ಸಮಾನ ಸ್ಥಾನವಿರಲಿಲ್ಲ. ಸೇಂಟ್ ಜಾರ್ಜ್ ಚರ್ಚಿನಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಜೋನ್ಸನನ್ನು ಪ್ರಾರ್ಥನೆ ಮುಗಿಯುವ ಮುನ್ನವೇ ಎಬ್ಬಿಸಿ ಬೇರೆಡೆಗೆ ಕಳುಹಿಸಹೊರಟಾಗ ಕಪ್ಪು ಜನರೆಲ್ಲ ಒಂದಾಗಿ ಎದ್ದು ಹೊರನಡೆದರು. ಮುಂದೆ 1794ರಲ್ಲಿ ಅಲೆನನು ಬೆಥೆಲ್ ಚರ್ಚನ್ನು ಕಟ್ಟಿದನು. 1816ರಲ್ಲಿ ಅದರಿಂದ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಎಂಬ ಸ್ವತಂತ್ರ ಧರ್ಮಸಂಸ್ಥೆಯೇ ಬೆಳೆಯಿತು.

ಈ ನಡುವೆ 1793ರಲ್ಲಿ ಫಿಲಡೆಲ್ಫಿಯಕ್ಕೆ ಹಳದಿ ಜ್ವರ ಬಂದಿತು. ಸಾವಿರಾರು ಜನ ಸತ್ತರು. ಉಳ್ಳವರು ಊರು ಬಿಟ್ಟರು. ಕಪ್ಪು ಜನರಿಗೆ ಆ ಜ್ವರ ತಗುಲದೆಂಬ ತಪ್ಪು ನಂಬಿಕೆ ವೈದ್ಯರಲ್ಲಿತ್ತು. ಸಂಘದವರು ರೋಗಿಗಳ ಶುಶ್ರೂಷೆಗೂ ಹೆಣ ಹೊರುವುದಕ್ಕೂ ಮುಂದೆ ಬಂದರು. ಅವರಲ್ಲಿಯೂ ಇನ್ನೂರಕ್ಕೂ ಹೆಚ್ಚು ಮಂದಿ ಆ ಜ್ವರಕ್ಕೆ ಬಲಿಯಾದರು. ರೋಗ ಇಳಿದ ಮೇಲೆ ಮ್ಯಾಥ್ಯೂ ಕೇರಿ ಎಂಬ ಪ್ರಕಾಶಕನು, ಈ ಜನರು ಶುಶ್ರೂಷೆಯ ನೆಪದಲ್ಲಿ ರೋಗಿಗಳನ್ನು ಸುಲಿದರೆಂದು ಬರೆದನು. ಜೋನ್ಸ್ ಮತ್ತು ಅಲೆನ್ ರೋಷದ ಮಾತನ್ನಾಡಿ ಸುಮ್ಮನಾಗಲಿಲ್ಲ. 1794ರಲ್ಲಿ ತಾವೇ ಒಂದು ಪುಸ್ತಿಕೆ ಅಚ್ಚು ಹಾಕಿಸಿ, ಬಂದ ಹಣವೆಷ್ಟು, ಶವಪೆಟ್ಟಿಗೆಗೆ ಕೊಟ್ಟದ್ದೆಷ್ಟು, ಆಳುಗಳ ಕೂಲಿಯೆಷ್ಟು ಎಂದು ಜಮಾಖರ್ಚನ್ನೇ ಲೋಕದ ಮುಂದಿಟ್ಟರು. ಬಂದುದಕ್ಕಿಂತ ಖರ್ಚೇ ಹೆಚ್ಚಾಗಿತ್ತು. ಸಾರ್ವಜನಿಕ ಸಂಸ್ಥೆಗೆ ಲೆಕ್ಕದ ಪುಸ್ತಕವೇ ಕವಚವೆಂಬುದನ್ನು ಅವರು ಅಷ್ಟು ಬೇಗ ಅರಿತಿದ್ದರು.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂತಹ ಸಂಘಗಳು ಊರೂರಿಗೆ ಹಬ್ಬಿದವು. ಅವುಗಳ ಹೆಸರುಗಳನ್ನೆಲ್ಲ ಹೇಳುವುದು ಇಲ್ಲಿ ಅನವಶ್ಯಕ. ಆದರೆ ಹೆಚ್ಚಿನವು ಶವಸಂಸ್ಕಾರದ ಖರ್ಚಿಗಾಗಿಯೇ ಹುಟ್ಟಿದವೆಂಬುದನ್ನು ಮಾತ್ರ ಹೇಳಲೇಬೇಕು. ಬದುಕಿರುವಾಗ ಮಾರಾಟದ ಸರಕಾಗಿದ್ದವನು ಸತ್ತ ಮೇಲಾದರೂ ಮನುಷ್ಯನಂತೆ ಮಣ್ಣಿಗೆ ಸೇರಬೇಕೆಂಬ ಹಂಬಲ ಅದು. ಬಿಳಿಯರ ವಿಮಾ ಸಂಸ್ಥೆಗಳು ಕಪ್ಪು ಜನರಿಗೆ ವಿಮೆಯನ್ನು ನಿರಾಕರಿಸುತ್ತಿದ್ದವು, ಇಲ್ಲವೆ ಅದೇ ಕಂತಿಗೆ ಕಡಮೆ ಹಣ ಕೊಡುತ್ತಿದ್ದವು. 1896ರಲ್ಲಿ ಫ್ರೆಡರಿಕ್ ಹಾಫ್ಮನ್ ಎಂಬ ವಿಮಾ ಸಂಖ್ಯಾಶಾಸ್ತ್ರಜ್ಞನು ಈ ಜನಾಂಗವೇ ಕ್ಷಯಿಸುತ್ತಿದೆಯೆಂದೂ ವಿಮೆಗೆ ಯೋಗ್ಯವಲ್ಲವೆಂದೂ ಗ್ರಂಥ ಬರೆದು, ಆ ಅನ್ಯಾಯಕ್ಕೆ ಅಂಕಿಅಂಶಗಳ ಪೋಷಾಕನ್ನು ತೊಡಿಸಿದನು. ಅದಾಗಿ ಎರಡು ವರ್ಷಕ್ಕೆ, 1898ರಲ್ಲಿ, ಉತ್ತರ ಕ್ಯಾರೋಲಿನದ ಡರ್ಹಮ್ ಎಂಬ ಊರಿನಲ್ಲಿ ಗುಲಾಮನಾಗಿ ಹುಟ್ಟಿದ ಕ್ಷೌರಿಕ ಜಾನ್ ಮೆರಿಕ್ ಮತ್ತು ವೈದ್ಯ ಏರನ್ ಮೂರ್ ಮೊದಲಾದವರು ತಮ್ಮವರಿಗಾಗಿ ವಿಮಾ ಸಂಸ್ಥೆಯನ್ನೇ ತೆರೆದರು. ಅದು ಒಂದು ಶತಮಾನವನ್ನೂ ಮೀರಿ ಬಾಳಿತು.

ಆದರೆ ಕೂಡಿಟ್ಟ ಹಣವನ್ನು ಕಾಯುವವರು ಯಾರು? ಈ ಪ್ರಶ್ನೆಗೆ ಕಪ್ಪು ಜನರು ತೆತ್ತ ಬೆಲೆ ಘೋರವಾದುದು. ಅಂತರ್ಯುದ್ಧ ಮುಗಿಯುವ ಹೊತ್ತಿನಲ್ಲಿ, 1865ರ ಮಾರ್ಚ್ 3ರಂದು, ಬಿಡುಗಡೆ ಹೊಂದಿದ ಗುಲಾಮರಿಗಾಗಿ ಒಂದು ಉಳಿತಾಯ ಬ್ಯಾಂಕನ್ನು ಸ್ಥಾಪಿಸುವ ಶಾಸನಕ್ಕೆ ಅಧ್ಯಕ್ಷ ಲಿಂಕನ್ ರುಜು ಹಾಕಿದನು. 37 ಶಾಖೆಗಳು ತೆರೆದವು. ಪಾಸ್ ಪುಸ್ತಕದ ಮೇಲೆ ಲಿಂಕನನ ಚಿತ್ರವಿತ್ತು; ಅದನ್ನು ಕಂಡ ಜನರು ಸರಕಾರವೇ ಹಣಕ್ಕೆ ಹೊಣೆಯೆಂದು ನಂಬಿದರು. ವಾಸ್ತವದಲ್ಲಿ ಸರಕಾರ ಹೊಣೆಯಾಗಿರಲಿಲ್ಲ. 1870ರಲ್ಲಿ ಕಾನೂನನ್ನು ಸಡಿಲಿಸಿದ ಮೇಲೆ, ಠೇವಣಿದಾರರಿಗೆ ಸಂಬಂಧವೇ ಇಲ್ಲದ ನಿರ್ವಾಹಕರು ತಮ್ಮ ಗೆಳೆಯರ ಉದ್ಯಮಗಳಿಗೂ ಭೂವ್ಯಾಪಾರಕ್ಕೂ ಸಾಲ ಕೊಟ್ಟರು. 1873ರ ಹಣಕಾಸಿನ ಕ್ಷೋಭೆ ಬಂದಿತು. ಕಟ್ಟಕಡೆಗೆ, 1874ರ ಮಾರ್ಚಿನಲ್ಲಿ, ಕಪ್ಪು ಜನರ ಪೂಜ್ಯ ನಾಯಕ ಫ್ರೆಡರಿಕ್ ಡಗ್ಲಸ್ ಅವರನ್ನು ಅಧ್ಯಕ್ಷರನ್ನಾಗಿ ಕೂರಿಸಿದರು. ಅವರು ತಮ್ಮ ಸ್ವಂತ 10,000 ಡಾಲರುಗಳನ್ನು ಸುರಿದರೂ ಬ್ಯಾಂಕು ಉಳಿಯಲಿಲ್ಲ. ಜೂನ್ ತಿಂಗಳ ಕೊನೆಗೆ ಬಾಗಿಲು ಮುಚ್ಚಿತು. 61,000ಕ್ಕೂ ಹೆಚ್ಚು ಠೇವಣಿದಾರರ ಸುಮಾರು 30 ಲಕ್ಷ ಡಾಲರು ಸಿಕ್ಕಿಬಿದ್ದಿತು. ಕೆಲವರಿಗೆ ವರ್ಷಗಳ ಮೇಲೆ ಒಂದು ಭಾಗ ದೊರೆಯಿತು, ಉಳಿದವರಿಗೆ ಏನೂ ಇಲ್ಲ. ಮುಳುಗುವ ಹಡಗಿನ ಚುಕ್ಕಾಣಿಯನ್ನು ಸಜ್ಜನನ ಕೈಗೆ ಕೊಟ್ಟು ಅಪಕೀರ್ತಿಯನ್ನೂ ಅವನ ತಲೆಗೆ ಕಟ್ಟುವ ಪದ್ಧತಿ ಎಲ್ಲ ದೇಶಗಳಲ್ಲಿಯೂ ಇದ್ದದ್ದೇ.

ಈ ದ್ರೋಹದ ನೆನಪು ಒಂದು ತಲೆಮಾರಿನ ಎದೆಯಲ್ಲಿ ಕುಳಿತಿದ್ದಾಗ, ಬ್ಯಾಂಕೆಂಬ ಮಾತಿಗೇ ಜನ ಬೆಚ್ಚುತ್ತಿದ್ದಾಗ, ವರ್ಜೀನಿಯದ ರಿಚ್ಮಂಡ್ ನಗರದಲ್ಲಿ ಒಬ್ಬ ಹೆಣ್ಣುಮಗಳು ಅದೇ ಜನರ ಕಾಸುಗಳನ್ನು ಮತ್ತೆ ಒಂದೆಡೆ ಕೂಡಿಸಿದರು. ಅವರ ಹೆಸರು ಮ್ಯಾಗಿ ಲೀನಾ ವಾಕರ್. ಈ ಲೇಖನವನ್ನು ಬರೆಯಲು ಮುಖ್ಯ ಪ್ರೇರಣೆ ಆ ತಾಯಿಯ ಜೀವನವೇ.

ಅಂತರ್ಯುದ್ಧದ ಕಾಲದಲ್ಲಿ, 1864ರ ಸುಮಾರಿಗೆ, ಅವರು ಹುಟ್ಟಿದರು. ತಾಯಿ ಎಲಿಜಬೆತ್ ಹಿಂದೆ ಗುಲಾಮಳಾಗಿದ್ದು, ಬಿಳಿಯರ ಮನೆಯಲ್ಲಿ ಅಡುಗೆಯ ಸಹಾಯಕಿಯಾಗಿದ್ದವಳು. ಮಲತಂದೆ ಹೋಟೆಲೊಂದರಲ್ಲಿ ಮಾಣಿಗಳ ಮೇಲಾಳಾಗಿದ್ದನು. 1876ರಲ್ಲಿ ಆತನ ಶವ ನದಿಯಲ್ಲಿ ದೊರೆಯಿತು. ತಾಯಿ ಮನೆಮನೆಯ ಬಟ್ಟೆ ಒಗೆದು ಮಕ್ಕಳನ್ನು ಸಾಕಿದಳು. ಬಾಲಕಿ ಮ್ಯಾಗಿ ಆ ಬಟ್ಟೆಯ ಬುಟ್ಟಿಗಳನ್ನು ಹೊತ್ತು ಬಿಳಿಯರ ಮನೆಗಳಿಗೆ ಮುಟ್ಟಿಸುತ್ತಿದ್ದಳು. ಹದಿನಾಲ್ಕನೆಯ ವಯಸ್ಸಿನಲ್ಲಿ ಸೇಂಟ್ ಲ್ಯೂಕ್ ಸಂಘವೆಂಬ ಪರಸ್ಪರ ಸಹಾಯ ಸಂಘವನ್ನು ಸೇರಿದಳು. ಮೇರಿ ಪ್ರೌಟ್ ಎಂಬಾಕೆ 1867ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಸ್ಥಾಪಿಸಿದ್ದ ಸಂಘ ಅದು. 1883ರಲ್ಲಿ ಶಿಕ್ಷಕಿಯ ತರಬೇತಿ ಮುಗಿಸಿ ಮೂರು ವರ್ಷ ಪಾಠ ಹೇಳಿದರು. 1886ರಲ್ಲಿ ವಿವಾಹವಾಯಿತು, ವಿವಾಹಿತ ಸ್ತ್ರೀ ಶಿಕ್ಷಕಿಯಾಗಿರಕೂಡದೆಂಬ ಅಂದಿನ ನಿಯಮದಂತೆ ಕೆಲಸ ಹೋಯಿತು. ಸಂಘಕ್ಕೆ ಅದೇ ಲಾಭವಾಯಿತು.

1899ರಲ್ಲಿ ಅವರು ಸಂಘದ ಪ್ರಧಾನ ಕಾರ್ಯದರ್ಶಿಯಾದಾಗ ಬೊಕ್ಕಸದಲ್ಲಿದ್ದುದು 31 ಡಾಲರ್ 61 ಸೆಂಟು. ಸಾಲವಿದ್ದುದು 400 ಡಾಲರು. ಹಿಂದಿನ ಕಾರ್ಯದರ್ಶಿಗೆ ವರ್ಷಕ್ಕೆ 300 ಡಾಲರು ಸಂಬಳವಿತ್ತು. ವಾಕರ್ ಅವರು 100 ಡಾಲರಿಗೆ ಒಪ್ಪಿಕೊಂಡರು. (ಸ್ತ್ರೀಯ ಕೆಲಸಕ್ಕೆ ಮೂರರಲ್ಲಿ ಒಂದು ಪಾಲು ಬೆಲೆ ಕಟ್ಟುವ ಚಾಳಿ ಎಲ್ಲ ಬಣ್ಣದವರಲ್ಲಿಯೂ ಇತ್ತೆಂಬುದನ್ನು ಇಲ್ಲಿ ಮರೆಮಾಚಬೇಕಾಗಿಲ್ಲ.) ಎರಡು ವರ್ಷದಲ್ಲಿ, ಅಂದರೆ 1901ರಲ್ಲಿ, ಸಂಘದ ಅಧಿವೇಶನದಲ್ಲಿ ನಿಂತು ಅವರು ಮೂರು ಬೇಡಿಕೆಗಳನ್ನಿಟ್ಟರು: ನಮಗೆ ಒಂದು ಪತ್ರಿಕೆ ಬೇಕು, ಒಂದು ಬ್ಯಾಂಕು ಬೇಕು, ನಮ್ಮ ಹೆಣ್ಣುಮಕ್ಕಳಿಗೆ ಕೆಲಸ ಕೊಡುವ ಉದ್ಯಮ ಬೇಕು. ಅಂದು ರಿಚ್ಮಂಡಿನ ಕಪ್ಪು ಹೆಂಗಸರಿಗೆ ಇದ್ದ ದಾರಿಗಳು ಮೂರೇ. ಬಿಳಿಯರ ಮನೆಗೆಲಸ, ಬಟ್ಟೆ ಒಗೆತ, ತಂಬಾಕಿನ ಕಾರ್ಖಾನೆ. ಓದು ಕಲಿತ ಹುಡುಗಿಗೂ ಅಂಗಡಿಯ ಗಲ್ಲೆಯ ಮುಂದೆ ನಿಲ್ಲುವ ಅವಕಾಶವಿರಲಿಲ್ಲ.

ಪತ್ರಿಕೆ 1902ರಲ್ಲಿ ಹೊರಟಿತು. ಬ್ಯಾಂಕಿಗಾಗಿ ವಾಕರ್ ಅವರು ಬಿಳಿಯರ ಬ್ಯಾಂಕೊಂದರಲ್ಲಿ ಕುಳಿತು ಲೆಕ್ಕಪತ್ರದ ಕ್ರಮವನ್ನು ಅಭ್ಯಾಸ ಮಾಡಿದರು. 1903ರ ನವೆಂಬರ್ 2ರಂದು ಸೇಂಟ್ ಲ್ಯೂಕ್ ಪೆನ್ನಿ ಉಳಿತಾಯ ಬ್ಯಾಂಕು ಬಾಗಿಲು ತೆರೆಯಿತು. ಪೆನ್ನಿಯೆಂದರೆ ಡಾಲರಿನ ನೂರನೆಯ ಪಾಲು, ನಮ್ಮ ಪೈಸೆಯಿದ್ದಂತೆ. ಆ ಹೆಸರು ಸುಮ್ಮನೆ ಇಟ್ಟುದಲ್ಲ. ಬಟ್ಟೆ ಒಗೆಯುವವಳ ಕಾಸೂ ಇಲ್ಲಿ ಮಾನ್ಯವೆಂಬ ಘೋಷಣೆ ಅದು. ಮೊದಲ ದಿನವೇ ನೂರಾರು ಜನ ಸಾಲುಗಟ್ಟಿ ನಿಂತರು. ಅವರಲ್ಲಿ ಒಬ್ಬರು ಖಾತೆ ತೆರೆದದ್ದು 31 ಸೆಂಟುಗಳಿಂದ. ಮಕ್ಕಳಿಗೆ ರಟ್ಟಿನ ಚಿಕ್ಕ ಪೆಟ್ಟಿಗೆಗಳನ್ನು ಕೊಟ್ಟು, ಅದರಲ್ಲಿ ನೂರು ಕಾಸು ತುಂಬಿದೊಡನೆ ಬ್ಯಾಂಕಿಗೆ ತಂದು ತಮ್ಮ ಹೆಸರಿನಲ್ಲಿ ಖಾತೆ ತೆರೆಯುವಂತೆ ಉತ್ತೇಜಿಸಿದರು. ಅಮೆರಿಕದಲ್ಲಿ ಬ್ಯಾಂಕೊಂದನ್ನು ಸ್ಥಾಪಿಸಿ ಅದರ ಅಧ್ಯಕ್ಷರಾದ ಮೊದಲ ಕಪ್ಪು ಮಹಿಳೆ ಇವರು.

ಈ ಸಂದರ್ಭದಲ್ಲಿ ಒಂದು ಕಾಲಸಾಮ್ಯ ನೆನಪಿಗೆ ಬರುತ್ತದೆ. ನಮ್ಮ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಸಹಕಾರಿ ಪತ್ತಿನ ಸಂಘ ಆರಂಭವಾದುದು 1905ರಲ್ಲಿ. ರಿಚ್ಮಂಡಿಗೂ ಕಣಗಿನಹಾಳಕ್ಕೂ ಯಾವ ಸಂಬಂಧವೂ ಇರಲಿಲ್ಲ. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿಯೂ ಇರಲಾರರು. ಸಾಹುಕಾರನ ಮನೆಬಾಗಿಲಲ್ಲಿ ಕಾದು ನಿಂತವರಿಗೆಲ್ಲ ಒಂದೇ ಉಪಾಯ ಹೊಳೆಯುತ್ತದೆಂದು ಮಾತ್ರ ಹೇಳಬಹುದು.

ಮೂರನೆಯ ಬೇಡಿಕೆಯ ಕಥೆ ದುಃಖದ್ದು. 1905ರಲ್ಲಿ ರಿಚ್ಮಂಡಿನ ಮುಖ್ಯ ಪೇಟೆಯಾದ ಬ್ರಾಡ್ ಬೀದಿಯಲ್ಲಿ ಸಂಘವು ಮೂರಂತಸ್ತಿನ ದೊಡ್ಡ ಅಂಗಡಿಯನ್ನು ತೆರೆಯಿತು. ಗಲ್ಲೆಯ ಮುಂದೆ, ಲೆಕ್ಕದ ಮೇಜಿನ ಮುಂದೆ ಕಪ್ಪು ಹೆಣ್ಣುಮಕ್ಕಳು ನಿಂತರು. ಅಂಗಡಿ ತೆರೆಯದಿರಲು ಬಿಳಿಯ ವರ್ತಕರು ಮೊದಲು ಹಣದ ಆಮಿಷವೊಡ್ಡಿದರು. ಅದು ಫಲಿಸದಿದ್ದಾಗ ಕೂಟ ಕಟ್ಟಿ, ಸಗಟು ವ್ಯಾಪಾರಿಗಳಿಂದ ಸರಕು ಬಾರದಂತೆ ಮಾಡಿದರು. ಇಷ್ಟೇ ಆಗಿದ್ದರೆ ಅಂಗಡಿ ಉಳಿಯುತ್ತಿತ್ತೋ ಏನೋ. ಆದರೆ ಕಪ್ಪು ಗಿರಾಕಿಗಳಲ್ಲಿಯೇ ಅನೇಕರು ಅಭ್ಯಾಸಬಲದಿಂದ ಬಿಳಿಯರ ಅಂಗಡಿಗಳಿಗೇ ಹೋಗುತ್ತಿದ್ದರು. ವರ್ಣದ್ವೇಷವೆಂಬ ಸಿಂಹಕ್ಕೆ ನಮ್ಮವರೇ ನಿತ್ಯ ಆಹಾರ ಹಾಕುತ್ತಿದ್ದಾರೆಂದು ವಾಕರ್ ಅವರು 1906ರ ಒಂದು ಭಾಷಣದಲ್ಲಿ ಕಟುವಾಗಿಯೇ ನುಡಿದರು. 1911ರಲ್ಲಿ ಅಂಗಡಿ ಮುಚ್ಚಿತು. ಅವರ ಜೀವನಚರಿತ್ರೆಯನ್ನು ಹೇಳುವವರು ಬ್ಯಾಂಕಿನ ಯಶಸ್ಸನ್ನು ಹೊಗಳಿ ಈ ಅಂಗಡಿಯನ್ನು ಎರಡು ಮಾತಿನಲ್ಲಿ ದಾಟಿಬಿಡುವುದುಂಟು. ನನ್ನ ಅಭಿಪ್ರಾಯದಲ್ಲಿ ಅದು ಸರಿಯಲ್ಲ. ಕಾಸು ಕೂಡಿಸಲು ಒಪ್ಪಿದ ಜನರೇ ಅದೇ ಕಾಸನ್ನು ತಮ್ಮವರ ಅಂಗಡಿಯಲ್ಲಿ ಖರ್ಚು ಮಾಡಲು ಏಕೆ ಒಪ್ಪಲಿಲ್ಲವೆಂಬುದು ಗಂಭೀರ ಪ್ರಶ್ನೆ. ಉಳಿತಾಯಕ್ಕೆ ಬೇಕಾದುದು ನಂಬಿಕೆ. ಆದರೆ ವ್ಯಾಪಾರಕ್ಕೆ ಸರಕು, ಬೆಲೆ, ಸಾಲ, ಪೂರೈಕೆ ಇವೆಲ್ಲವೂ ಬೇಕು. ಅವುಗಳ ಕೀಲಿಕೈ ಇನ್ನೊಬ್ಬರ ಸೊಂಟದಲ್ಲಿತ್ತು.

ಬ್ಯಾಂಕು ಮಾತ್ರ ನಿಂತಿತು. ಅದೇ ನಗರದಲ್ಲಿ ಅದಕ್ಕಿಂತ ಮೊದಲು ಹುಟ್ಟಿದ್ದ ಟ್ರೂ ರಿಫಾರ್ಮರ್ಸ್ ಎಂಬ ದೊಡ್ಡ ಸಂಘದ ಬ್ಯಾಂಕು 1910ರಲ್ಲಿ ಕುಸಿಯಿತು. ಸಂಘದ ಸ್ವಂತ ಉದ್ಯಮಗಳಿಗೇ ಸಾಲ ಕೊಟ್ಟದ್ದು, ಅಧಿಕಾರಿಯೊಬ್ಬನು ಹಣವನ್ನು ದುರುಪಯೋಗ ಮಾಡಿಕೊಂಡದ್ದು ಅದರ ಪತನದ ಕಾರಣಗಳು. ಆ ಬಳಿಕ ಸಂಘವೂ ಬ್ಯಾಂಕೂ ಬೇರೆಬೇರೆಯಾಗಿರಬೇಕೆಂಬ ಕಾನೂನು ಬಂದಿತು. ವಾಕರ್ ಅವರು ತಮ್ಮ ಬ್ಯಾಂಕನ್ನು ಸಂಘದಿಂದ ಬೇರ್ಪಡಿಸಿದರು. ಅವರು ಸಾಲ ಕೊಡುತ್ತಿದ್ದುದು ಮುಖ್ಯವಾಗಿ ಮನೆಗಳಿಗೆ. 1920ರ ವೇಳೆಗೆ ಆರುನೂರಕ್ಕೂ ಹೆಚ್ಚು ಕುಟುಂಬಗಳು ಈ ಬ್ಯಾಂಕಿನ ನೆರವಿನಿಂದ ಸ್ವಂತ ಮನೆಯ ಒಡೆತನ ಪಡೆದಿದ್ದವು. ಸಂಘದ ಸದಸ್ಯರ ಸಂಖ್ಯೆ ಸಾವಿರದಿಂದ ಲಕ್ಷಕ್ಕೇರಿತು. ಈ ಬೆಳವಣಿಗೆಯ ನಡುವೆ ಅವರ ಸಂಸಾರದಲ್ಲಿ ದುರಂತವೂ ನಡೆಯಿತು. 1915ರಲ್ಲಿ ಅವರ ಮಗನು ಕತ್ತಲಲ್ಲಿ ಕಳ್ಳನೆಂದು ತಪ್ಪಾಗಿ ತಿಳಿದು ಹಾರಿಸಿದ ಗುಂಡಿಗೆ ಅವರ ಪತಿಯೇ ಬಲಿಯಾದರು. ನ್ಯಾಯಾಲಯ ಮಗನನ್ನು ನಿರ್ದೋಷಿಯೆಂದಿತು. ಕಾಲಿನ ವ್ಯಾಧಿ ಹೆಚ್ಚಿ ಕೊನೆಯ ವರ್ಷಗಳನ್ನು ಅವರು ಗಾಲಿಕುರ್ಚಿಯಲ್ಲಿ ಕಳೆದರು; ಕಚೇರಿಗೆ ಹೋಗುವುದನ್ನು ಬಿಡಲಿಲ್ಲ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಅಮೆರಿಕದ ಸಾವಿರಾರು ಬ್ಯಾಂಕುಗಳು ಮುಳುಗುತ್ತಿದ್ದಾಗ ರಿಚ್ಮಂಡಿನ ಇತರ ಎರಡು ಕಪ್ಪು ಬ್ಯಾಂಕುಗಳನ್ನು ತಮ್ಮದರೊಡನೆ ಕೂಡಿಸಿ ಮೂರನ್ನೂ ಉಳಿಸಿದರು. 1934ರ ಡಿಸೆಂಬರ್ 15ರಂದು ಅವರು ದೈವಾಧೀನರಾದರು. ಬ್ಯಾಂಕು 2005ರಲ್ಲಿ ಬೇರೊಂದು ಸಂಸ್ಥೆಯ ಒಡೆತನಕ್ಕೆ ಹೋಗುವವರೆಗೆ, ನೂರು ವರ್ಷಗಳಿಗೂ ಹೆಚ್ಚು ಕಾಲ, ಕಪ್ಪು ಜನರ ಕೈಯಲ್ಲಿಯೇ ಇದ್ದಿತು.

ಸಂಪತ್ತೊಂದನ್ನು ಕೂಡಿಸಿದರೆ ಸಾಕೇ? ಅಂದಿನ ಕಪ್ಪು ಜನರ ನಾಯಕರಲ್ಲಿ ಇದೇ ದೊಡ್ಡ ವಾದವಾಗಿತ್ತು. ಟಸ್ಕೀಗಿ ವಿದ್ಯಾಸಂಸ್ಥೆಯ ಬುಕರ್ ಟಿ. ವಾಷಿಂಗ್ಟನ್, ಮೊದಲು ಕಸುಬು ಕಲಿಯೋಣ, ಭೂಮಿ ಕೊಳ್ಳೋಣ, ಹಕ್ಕುಗಳು ತಾವಾಗಿ ಬರುವವೆಂದರು. ವಿದ್ವಾಂಸರಾದ ಡುಬೋಯಿಸ್ ಅವರು ಮತದಾನದ ಹಕ್ಕು, ಉಚ್ಚ ಶಿಕ್ಷಣಗಳಿಲ್ಲದೆ ಗಳಿಸಿದ ಸಂಪತ್ತು ಉಳಿಯದೆಂದರು. ಹಾಗೆಂದು ಅವರು ಸಹಕಾರವನ್ನು ಕಡೆಗಣಿಸಲಿಲ್ಲ, 1907ರಲ್ಲಿ ಅದನ್ನೇ ಕುರಿತು ಒಂದು ಬೃಹತ್ ಅಧ್ಯಯನವನ್ನು ಪ್ರಕಟಿಸಿದರು. ಓಕ್ಲಹೋಮದ ಟಲ್ಸ ನಗರದಲ್ಲಿ ಈ ವಾದಕ್ಕೆ ಭೀಕರವಾದ ಸಾಕ್ಷ್ಯ ದೊರೆಯಿತು. ಅಲ್ಲಿಯ ಗ್ರೀನ್‌ವುಡ್ ಎಂಬ ಬಡಾವಣೆಯಲ್ಲಿ ಕಪ್ಪು ಜನರು ಅಂಗಡಿ, ಹೋಟೆಲು, ನಾಟಕಶಾಲೆ, ಪತ್ರಿಕೆ, ವೈದ್ಯಾಲಯಗಳನ್ನು ಕಟ್ಟಿ ಸಮೃದ್ಧಿಯಿಂದಿದ್ದರು. 1921ರ ಮೇ 31 ಮತ್ತು ಜೂನ್ 1ರಂದು, ಒಂದು ಹಗಲು ಒಂದು ರಾತ್ರಿಯಲ್ಲಿ, ಬಿಳಿಯರ ಗುಂಪು ಅದನ್ನು ಸುಟ್ಟುಹಾಕಿತು. ಮೂವತ್ತೈದು ಮೊಹಲ್ಲೆಗಳಷ್ಟು ಪ್ರದೇಶ ಬೂದಿಯಾಯಿತು. ಸಾವಿರಕ್ಕೂ ಮಿಕ್ಕ ಮನೆಗಳು ಉರಿದವು. ವಿಮಾ ಸಂಸ್ಥೆಗಳು ಪರಿಹಾರ ಕೊಡಲಿಲ್ಲ. ಮತ್ತೆ ಮನೆ ಕಟ್ಟಿಕೊಳ್ಳದಂತೆ ನಗರಸಭೆ ನಿಯಮ ಮಾಡಿದಾಗ ಬಿ. ಸಿ. ಫ್ರಾಂಕ್ಲಿನ್ ಎಂಬ ಕಪ್ಪು ವಕೀಲರು ಡೇರೆಯಲ್ಲಿ ಕಚೇರಿ ತೆರೆದು ಕುಳಿತು ಅದನ್ನು ನ್ಯಾಯಾಲಯದಲ್ಲಿ ಮುರಿದರು. ಜನರು ಮತ್ತೆ ಕಟ್ಟಿದರು. ವಾಷಿಂಗ್ಟನ್ ಹೇಳಿದ ದುಡಿಮೆ ಅಲ್ಲಿತ್ತು, ಡುಬೋಯಿಸ್ ಹೇಳಿದ ರಕ್ಷಣೆ ಅಲ್ಲಿರಲಿಲ್ಲ.

ಈ ಚರಿತ್ರೆಯು ಒಂದು ಕಡೆಯಲ್ಲಿ ನಮ್ಮ ಕನ್ನಡ ನೆಲವನ್ನೂ ಮುಟ್ಟಿಹೋಗಿದೆ. 1936ರ ಕೊನೆ, 1937ರ ಆರಂಭದ ದಿನಗಳಲ್ಲಿ ಬೆಂಜಮಿನ್ ಮೇಸ್ ಎಂಬ ಕಪ್ಪು ವಿದ್ವಾಂಸರು ಕ್ರೈಸ್ತ ಯುವಕರ ಸಂಘದ ವಿಶ್ವ ಸಮ್ಮೇಳನಕ್ಕಾಗಿ ಮೈಸೂರಿಗೆ ಬಂದರು. ದಾರಿಯಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರನ್ನು ಕಂಡಿದ್ದರು. ಮೇಸ್ ಅವರ ತಂದೆತಾಯಿಗಳು ಗುಲಾಮಗಿರಿಯಲ್ಲಿ ಹುಟ್ಟಿದವರು. ದಕ್ಷಿಣ ಕ್ಯಾರೋಲಿನದ ಹತ್ತಿಹೊಲದ ಗೇಣಿಕಾರರು. ಮೈಸೂರಿನ ಸಮೀಪದ ಹಳ್ಳಿಯೊಂದರಲ್ಲಿ ಅಸ್ಪೃಶ್ಯರೆಂದು ಕರೆಸಿಕೊಳ್ಳುತ್ತಿದ್ದ ಮಕ್ಕಳ ಶಾಲೆಗೆ ಅವರನ್ನು ಆಹ್ವಾನಿಸಿದಾಗ ಮುಖ್ಯೋಪಾಧ್ಯಾಯರು ಮಕ್ಕಳಿಗೆ ಅವರ ಪರಿಚಯ ಮಾಡಿಕೊಟ್ಟದ್ದು ಹೀಗೆ: ಇವರು ಅಮೆರಿಕದ ಅಸ್ಪೃಶ್ಯರು, ಆದರೂ ಇಷ್ಟು ದೊಡ್ಡವರಾಗಿದ್ದಾರೆ. ಮೇಸ್ ಅವರಿಗೆ ಮೊದಲು ದಿಗ್ಭ್ರಮೆಯೂ ಅಸಮಾಧಾನವೂ ಆಯಿತು. ಬಳಿಕ ಯೋಚಿಸಿದಂತೆ, ಆ ಉಪಾಧ್ಯಾಯರ ಮಾತು ದಿಟವೇ ಎಂದು ಅವರಿಗೆ ತೋರಿತು. ಅದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾರೆ. ಶರಣರು ಬಾಳಿದ ನಾಡಿನಲ್ಲಿ, ಎಂಟುನೂರು ವರ್ಷಗಳ ತರುವಾಯವೂ, ಪರದೇಶದ ಅತಿಥಿಯೊಬ್ಬರಿಗೆ ತಮ್ಮ ಅವಮಾನದ ಹೆಸರು ನಮ್ಮ ಹಳ್ಳಿಯ ಶಾಲೆಯಲ್ಲಿ ದೊರೆತದ್ದು ನಾವು ಹೆಮ್ಮೆ ಪಡತಕ್ಕ ಸಂಗತಿಯಲ್ಲ.

ಅವರು ಹಿಂದಿರುಗಿ 1940ರಿಂದ 1967ರವರೆಗೆ ಅಟ್ಲಾಂಟದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾಗಿದ್ದರು. ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿ ಅವರ ವಿದ್ಯಾರ್ಥಿ. ಕಪ್ಪು ಜನರ ಕಾಲೇಜುಗಳು ಅಲ್ಲಿಯವರೆಗೆ ಒಂದೊಂದೂ ತನ್ನಷ್ಟಕ್ಕೆ ಧನಿಕರ ಬಾಗಿಲು ತಟ್ಟುತ್ತಿದ್ದವು. 1944ರಲ್ಲಿ ಟಸ್ಕೀಗಿಯ ಅಧ್ಯಕ್ಷ ಫ್ರೆಡರಿಕ್ ಪ್ಯಾಟರ್ಸನ್, ಮೇಸ್ ಮುಂತಾದವರು ಸೇರಿ 27 ಕಾಲೇಜುಗಳಿಗೆ ಒಂದೇ ಜೋಳಿಗೆಯನ್ನು ಮಾಡಿದರು. ಬಂದುದನ್ನು ಎಲ್ಲರೂ ಹಂಚಿಕೊಳ್ಳತಕ್ಕದ್ದು. ಜೋಳಿಗೆಯಿಂದ ನಡೆದ ಪ್ರಸಾದ ನಿಲಯಗಳಲ್ಲಿ ಉಂಡು ಓದಿದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಇದರ ಮರ್ಮ ಕೂಡಲೇ ತಿಳಿದೀತು. ಆ ನಿಧಿ ಇಂದಿಗೂ ನಡೆದಿದೆ.

1955ರ ಡಿಸೆಂಬರಿನಲ್ಲಿ ಮಾಂಟ್ಗಮರಿ ನಗರದಲ್ಲಿ ಬಸ್ ಬಹಿಷ್ಕಾರ ಆರಂಭವಾದಾಗ ಲೋಕವೆಲ್ಲ ಕಿಂಗ್ ಅವರ ಭಾಷಣಗಳನ್ನು ಕೇಳಿತು. ಆದರೆ 381 ದಿನ ಸಾವಿರಾರು ಜನರು ಕೆಲಸಕ್ಕೆ ಹೋಗಿಬಂದದ್ದು ಹೇಗೆ? ಚರ್ಚುಗಳು ಬಂಡಿಗಳನ್ನು ಕೊಂಡವು, ಉಳ್ಳವರು ತಮ್ಮ ಮೋಟಾರುಗಳನ್ನು ಕೊಟ್ಟರು. ಅಲ್ಲಿಯ ಕಂಪನಿಗಳು ಆ ವಾಹನಗಳ ವಿಮೆಯನ್ನು ರದ್ದುಗೊಳಿಸಿದಾಗ ಲಂಡನ್ನಿನಿಂದ ವಿಮೆ ತರಿಸಿದರು. ಜಾರ್ಜಿಯ ಗಿಲ್ಮೋರ್ ಎಂಬ ಅಡುಗೆಯ ಹೆಂಗಸು ತನ್ನಂತಹವರನ್ನು ಕೂಡಿಸಿ, ತಿಂಡಿತಿನಿಸು ಮಾಡಿ ಮಾರಿ, ಬಂದ ಹಣವನ್ನು ವಾರವಾರವೂ ಸಭೆಗೆ ತಂದೊಪ್ಪಿಸುತ್ತಿದ್ದಳು. ಆ ಕೂಟದ ಹೆಸರು ‘ಎಲ್ಲಿಂದಲೂ ಅಲ್ಲದ ಸಂಘ’. ಹಣ ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ ‘ಎಲ್ಲಿಂದಲೂ ಇಲ್ಲ’ವೆಂದರೆ ಸುಳ್ಳಾಗದು, ಕೊಟ್ಟ ಬಡ ಹೆಂಗಸರ ಕೂಲಿಯೂ ಹೋಗದು. ಇಂತಹ ಜಾಣತನವನ್ನು ಯಾವ ಅರ್ಥಶಾಸ್ತ್ರದ ಗ್ರಂಥವೂ ಕಲಿಸದು.

ಮಿಸಿಸಿಪ್ಪಿಯ ಫ್ಯಾನಿ ಲೂ ಹೇಮರ್ 1962ರಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದುದಕ್ಕಾಗಿ, ಹದಿನೆಂಟು ವರ್ಷ ದುಡಿದ ತೋಟದಿಂದ ಅವರನ್ನು ಹೊರಹಾಕಲಾಯಿತು. ಹೊಟ್ಟೆ ಇನ್ನೊಬ್ಬರ ಕೈಯಲ್ಲಿರುವವರೆಗೆ ಮತವೂ ಅವರ ಕೈಯಲ್ಲಿಯೇ ಎಂಬುದನ್ನು ಅವರು ಮೈಮೇಲೆ ಅನುಭವಿಸಿದವರು. ಆದುದರಿಂದ 1969ರಲ್ಲಿ ಭೂಮಿ ಕೊಂಡು ಸ್ವಾತಂತ್ರ್ಯ ಕೃಷಿಕ್ಷೇತ್ರವೆಂಬ ಸಹಕಾರಿ ಬೇಸಾಯವನ್ನು ಆರಂಭಿಸಿದರು. ಅದರೊಡನೆ ಒಂದು ಹಂದಿಯ ಬ್ಯಾಂಕೂ ಇದ್ದಿತು. ಈ ಮಾಸಪತ್ರಿಕೆಯ ಸದ್ಭಕ್ತರಾದ ಓದುಗರಿಗೆ ಹಂದಿಯ ಮಾತು ಹಿಡಿಸಲಿಕ್ಕಿಲ್ಲ. ಆ ನಾಡಿನ ಬಡವನಿಗೆ ಅದು ನಮ್ಮ ರೈತನ ಮನೆಯ ಆಕಳಿದ್ದಂತೆ ಎಂದು ತಿಳಿದರೆ ಸಾಕು. ಬಡ ಕುಟುಂಬಕ್ಕೆ ಒಂದು ಹೆಣ್ಣು ಹಂದಿಯನ್ನು ಕೊಡುವುದು. ಅದು ಈದ ಮೇಲೆ ಎರಡು ಮರಿಗಳನ್ನು ಆ ಕುಟುಂಬ ಬ್ಯಾಂಕಿಗೆ ಮರಳಿಸುವುದು. ಅವು ಇನ್ನೆರಡು ಮನೆಗಳಿಗೆ ಹೋಗುವುದು. ಬಡ್ಡಿಯಿಲ್ಲ, ಆದರೆ ಮೂಲಧನ ತಾನಾಗಿ ಬೆಳೆಯುತ್ತದೆ. ಹಣದ ಕೊರತೆಯಿಂದಲೂ ಹೇಮರ್ ಅವರ ಅನಾರೋಗ್ಯದಿಂದಲೂ ಆ ಕೃಷಿಕ್ಷೇತ್ರವು ಏಳೆಂಟು ವರ್ಷಕ್ಕಿಂತ ಹೆಚ್ಚು ಬಾಳಲಿಲ್ಲ. 1977ರಲ್ಲಿ ಅವರು ತೀರಿಕೊಂಡರು.

ಅದೇ 1969ರಲ್ಲಿ ಜಾರ್ಜಿಯ ಸಂಸ್ಥಾನದ ಆಲ್ಬನಿಯ ಬಳಿ ಚಾರ್ಲ್ಸ್ ಶೆರಾಡ್, ಶರ್ಲಿ ಶೆರಾಡ್ ದಂಪತಿಗಳೂ ಅವರ ಸಂಗಡಿಗರೂ ‘ನ್ಯೂ ಕಮ್ಯೂನಿಟೀಸ್’ ಎಂಬ ಸಂಸ್ಥೆಯನ್ನು ಕಟ್ಟಿದರು. ಸುಮಾರು 5,700 ಎಕರೆ ಭೂಮಿ. ಅದು ಯಾವ ಒಬ್ಬನ ಹೆಸರಿನಲ್ಲಿಯೂ ಇರದೆ ಸಮುದಾಯದ ಹೆಸರಿನಲ್ಲಿರತಕ್ಕದ್ದು, ಕುಟುಂಬಗಳು ಅದನ್ನು ದೀರ್ಘಕಾಲದ ಗುತ್ತಿಗೆಗೆ ಪಡೆದು ಬಾಳತಕ್ಕದ್ದು. ಇಂದು ಅಮೆರಿಕದಲ್ಲಿ ಹಬ್ಬಿರುವ ಸಮುದಾಯ ಭೂನಿಧಿಗಳಿಗೆ ಮೇಲ್ಪಂಕ್ತಿ ಇದೇ. ಸಂಸ್ಥಾನದ ಗವರ್ನರನು ಕೇಂದ್ರದ ಅನುದಾನವನ್ನು ತಡೆದನು. ಮುಂದೆ ಬರಗಾಲ ಬಂದಿತು. ಬಿಳಿಯ ರೈತರಿಗೆ ದೊರೆತ ಸರಕಾರಿ ತುರ್ತುಸಾಲ ಇವರಿಗೆ ಸಕಾಲದಲ್ಲಿ ದೊರೆಯಲಿಲ್ಲ. 1985ರಲ್ಲಿ ಭೂಮಿಯೆಲ್ಲ ಸಾಲಕ್ಕೆ ಹೋಯಿತು. ಕಪ್ಪು ರೈತರು ಕೃಷಿ ಇಲಾಖೆಯ ಪಕ್ಷಪಾತದ ವಿರುದ್ಧ 1997ರಲ್ಲಿ ಹೂಡಿದ ದಾವೆಯ ಫಲವಾಗಿ 2009ರಲ್ಲಿ ಈ ಸಂಸ್ಥೆಗೆ ಸುಮಾರು 120 ಲಕ್ಷ ಡಾಲರುಗಳ ಪರಿಹಾರ ದೊರೆಯಿತು. ಅಷ್ಟು ಹೊತ್ತಿಗೆ ಸ್ಥಾಪಕರಲ್ಲಿ ಅನೇಕರು ವೃದ್ಧರಾಗಿದ್ದರು, ಕೆಲವರು ಗತಿಸಿದ್ದರು. ಹಣವನ್ನು ಹಂಚಿಕೊಂಡು ಮನೆಗೆ ಹೋಗಬಹುದಾಗಿತ್ತು. ಅವರು 2011ರಲ್ಲಿ ಅದೇ ಆಲ್ಬನಿಯ ಸಮೀಪದಲ್ಲಿ ಮತ್ತೆ 1,638 ಎಕರೆ ಭೂಮಿಯನ್ನು ಕೊಂಡರು. ಒಂದಾನೊಂದು ಕಾಲದಲ್ಲಿ ಅದು ನೂರಾರು ಗುಲಾಮರ ಒಡೆಯನೊಬ್ಬನ ತೋಟವಾಗಿತ್ತು. ಈಗ ಅಲ್ಲಿ ಪೆಕಾನ್ ಎಂಬ ಕಾಯಿಯ ಮರಗಳಿವೆ, ರೈತರ ತರಬೇತಿ ನಡೆಯುತ್ತದೆ, ಒಡೆಯನ ಬಿಳಿಯ ಮಹಲು ಸಮುದಾಯದ ಸಭೆಗಳಿಗೆ ಬಳಕೆಯಾಗುತ್ತಿದೆ.